ಶತಮಾನದ ಆರಂಭ: ಆಳಂದ, ಅಫಜಲಪುರ, ಜೇವರ್ಗಿ ಪರಿಸರದ ಕಾಲಗಣನೆ

ಶತಮಾನದ ಆರಂಭಕ್ಕೆ ಒಂದೇ ದಿನವನ್ನು ನಿಗದಿಪಡಿಸುವುದು ಆಡಳಿತದ ಅಗತ್ಯ. ಜನಪದರ ಕಾಲಪ್ರಜ್ಞೆಗೆ ಆ ಅಗತ್ಯವಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಪರಿಸರದಲ್ಲಿ ಹಲವು ಗಣನೆಗಳು ಜೊತೆಜೊತೆಗೆ ಬಳಕೆಯಾಗಿರುವುದರಿಂದ ಈ ಭೇದವನ್ನು ಇಲ್ಲಿ ಸ್ಪಷ್ಟವಾಗಿ ಗುರುತಿಸಬಹುದು.

ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷವಿಲ್ಲ, ಕ್ರಿ.ಪೂ. 1ರ ಬಳಿಕ ಕ್ರಿ.ಶ. 1 ಬರುತ್ತದೆ. ಆದುದರಿಂದ ಇಪ್ಪತ್ತೊಂದನೆಯ ಶತಮಾನದ ಆರಂಭ 2001ರ ಜನವರಿ 1. ಜಗತ್ತಿನ ಬಹುಭಾಗ ಅದನ್ನು ಒಂದು ವರ್ಷ ಮೊದಲೇ ಆಚರಿಸಿತು. ಪಂಚಾಂಗದ ಶಾಲಿವಾಹನ ಶಕೆಗೆ ಈ ನಿಯಮ ಅನ್ವಯಿಸದು. ಅಲ್ಲಿ ಸಾಮಾನ್ಯವಾಗಿ ಎಣಿಸುವುದು ಗತವರ್ಷಗಳನ್ನು. ಶಕೆ 1900 ಎಂದರೆ ಅಷ್ಟು ವರ್ಷಗಳು ಸಂದಿವೆ ಎಂದರ್ಥ. ಆ ಲೆಕ್ಕದಲ್ಲಿ 1978ರ ಯುಗಾದಿಗೇ ಹೊಸ ಶತಮಾನ ಹುಟ್ಟಿತ್ತು. ಅರವತ್ತು ಸಂವತ್ಸರಗಳ ಚಕ್ರದಲ್ಲಂತೂ ಶತಮಾನಕ್ಕೆ ಎಡೆಯೇ ಇಲ್ಲ. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸು ಹಿಜರಿ ತಿಂಗಳುಗಳನ್ನು ಅನುಸರಿಸುತ್ತದೆ. ಹಿಜರಿ 1401 ಆರಂಭವಾದದ್ದು 1980ರ ನವೆಂಬರಿನಲ್ಲಿ.

ಹೈದರಾಬಾದ್ ಸಂಸ್ಥಾನದ ಕಂದಾಯ ದಾಖಲೆಗಳಲ್ಲಿ ಫಸಲಿ ವರ್ಷ ರೂಢಿಯಲ್ಲಿತ್ತು. ಇಲ್ಲಿ ಗಣನೆಯ ಭೇದವು ಸಂಶೋಧಕನಿಗೆ ನೇರವಾದ ಸಮಸ್ಯೆಯಾಗುತ್ತದೆ. ಫಸಲಿ 1357 ಎಂದರೆ 1947-48. ರಜಾಕಾರರ ಹಾವಳಿಯ ವರ್ಷ. ಅದೇ ಅಂಕಿಯನ್ನು ಹಿಜರಿ ಎಂದು ಓದಿದರೆ ದಾಖಲೆ 1938-39ಕ್ಕೆ ಸರಿಯುತ್ತದೆ. ಸುಮಾರು ಹತ್ತು ವರ್ಷಗಳ ಈ ತಪ್ಪಿನಿಂದ ಒಂದು ಕುಟುಂಬದ ಭೂಮಿಯ ಚರಿತ್ರೆಯೇ ಬದಲಾಗಬಹುದು.

ಸ್ಥಳದ ಪ್ರಶ್ನೆಯೂ ಹೀಗೆಯೇ. ಶಾಂತಸಾಗರದ ಕಿರಿಬಾಟಿ ರಾಷ್ಟ್ರವು 1995ರಲ್ಲಿ ದಿನಾಂಕ ರೇಖೆಯನ್ನು ತನ್ನ ಪೂರ್ವ ದ್ವೀಪಗಳ ಆಚೆಗೆ ಸರಿಸಿಕೊಂಡಿತು; ಆದುದರಿಂದ ಹೊಸ ದಿನ ಮೊದಲು ಬರುವುದು ಅಲ್ಲಿಗೆ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಜೇವರ್ಗಿಯು ಅದರ ಪಶ್ಚಿಮಕ್ಕಿರುವುದರಿಂದ ಅಲ್ಲಿಯ ಸ್ಥಳೀಯ ಮಧ್ಯರಾತ್ರಿ ಸುಮಾರು 23 ನಿಮಿಷ ತಡವಾಗಿ ಬರುತ್ತದೆ. ಪಂಚಾಂಗಕ್ಕೆ ದಿನದ ಆರಂಭ ಸೂರ್ಯೋದಯ, ಹಿಜರಿಗೆ ಸೂರ್ಯಾಸ್ತ.

ಇನ್ನು ರೈತಾಪಿ ಜನರ ವರ್ಷವು ಮಿರಗದ ಮಳೆ, ಕಾರಹುಣ್ಣಿಮೆ, ಎಳ್ಳಮಾವಾಸ್ಯೆಗಳ ಮೇಲೆ ನಿಂತಿದೆ. ಅಧಿಕೃತ ಶತಮಾನಾರಂಭಕ್ಕೆ ಒಂದು ವಾರ ಮೊದಲು, 2000ದ ಡಿಸೆಂಬರ್ 25ರಂದು, ಎಳ್ಳಮಾವಾಸ್ಯೆ ಬಂದಿತ್ತು. ಬೆಳೆದು ನಿಂತ ಜೋಳದ ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಬಡಿಸುವ ಈ ಆಚರಣೆಗೆ ಶತಮಾನದ ಅಂಕಿ ಬೇಕಿಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತ ಜಯಂತಿಗೂ ಮಾರ್ಗಶಿರದ ಹುಣ್ಣಿಮೆಯೇ ಆಧಾರ. ಬಾಳಿನ ದೀರ್ಘ ಲೆಕ್ಕವನ್ನು ಹಿರಿಯರು ರಜಾಕಾರರ ಹಾವಳಿ, 1972ರ ಬರ ಮುಂತಾದ ಘಟನೆಗಳಿಂದ ಹಿಡಿಯುತ್ತಾರೆ.

ಆದುದರಿಂದ ಮೌಖಿಕ ನಿರೂಪಣೆಗಳ ಕಾಲವನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವ ಮುನ್ನ, ವಕ್ತೃ ಯಾವ ಗಣನೆಯಲ್ಲಿ ಮಾತನಾಡುತ್ತಿದ್ದಾನೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಆತನ ಮಾತನ್ನು ಯಥಾವತ್ತಾಗಿ ದಾಖಲಿಸಿ, ಪರಿವರ್ತಿತ ವರ್ಷವನ್ನು ಪ್ರತ್ಯೇಕವಾಗಿ ಕೊಡಬೇಕು. ಅಂಕಿಯೊಂದನ್ನೇ ಉಳಿಸಿಕೊಂಡರೆ ಅದರ ಹಿಂದಿನ ಗಣನೆ ಕಳೆದುಹೋಗುತ್ತದೆ.