ಗ್ಯಾಸ್ ಎಂದು ನುಂಗಿದ ನೋವು

ಅಥಣಿ, ಕಾಗವಾಡ, ರಾಯಬಾಗದ ಕಡೆ ಹೊಟ್ಟೆಯಲ್ಲಿ ಕಲ್ಲು ಎಂದರೆ ಸಾಕು, ದೂರು ನೇರ ಬೋರಿನ ಸವಳು ನೀರಿನ ಮೇಲೆ ಹೋಗುತ್ತದೆ. ಮೂತ್ರಪಿಂಡದ ಹರಳಾದರೆ ನೀರಿನ ಮಾತು ಎತ್ತಬಹುದು. ಪಿತ್ತಕೋಶದ ಕಲ್ಲಿನ ಕುಲವೇ ಬೇರೆ. ಅದು ಹೆಚ್ಚಾಗಿ ಹುಟ್ಟುವುದು ಪಿತ್ತರಸದೊಳಗಿನ ಕೊಲೆಸ್ಟ್ರಾಲಿನಿಂದ. ಹಾಗಾಗಿ ಎಷ್ಟು ನೀರು ಕುಡಿದರೂ, ಬಾಳೆದಿಂಡಿನ ರಸ ಹೀರಿದರೂ ಅದು ಕೊಚ್ಚಿಹೋಗುವುದಿಲ್ಲ.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತದೆ. ಯಕೃತ್ತಿನ ಅಡಿಗೆ ಅಂಟಿಕೊಂಡ, 30ರಿಂದ 50 ಮಿ.ಲೀ. ಹಿಡಿಯುವ ಪುಟ್ಟ ಚೀಲವೇ ಪಿತ್ತಕೋಶ. ಅದು ರಸದ ನೀರಿನಂಶ ಹೀರಿ ಮಂದ ಮಾಡಿ ಇಟ್ಟುಕೊಳ್ಳುತ್ತದೆ. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದಾಗ ಹಿಂಡಿಕೊಂಡು ಹೊರಬಿಡುತ್ತದೆ. ರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿ, ಚೀಲ ಪೂರ್ತಿ ಖಾಲಿಯಾಗದೆ ಉಳಿದರೆ, ಕದಲದ ಸಕ್ಕರೆ ಪಾಕದಂತೆ ಹರಳುಗಟ್ಟುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳು ಈ ಎರಡನ್ನೂ ಮಾಡುತ್ತವೆ. ಹೆಂಗಸರಿಗೆ, ಅದರಲ್ಲೂ ಹಲವು ಬಸಿರು ಕಂಡವರಿಗೆ, ಕಲ್ಲು ಹೆಚ್ಚಾಗುವುದು ಅದಕ್ಕೇ. ಬೊಜ್ಜು, ಸಕ್ಕರೆ ಕಾಯಿಲೆ, ಮನೆತನದ ಗುಣವೂ ಕಾರಣ. ತಿಂಗಳೆರಡು ತಿಂಗಳಲ್ಲಿ ಊಟ ಬಿಟ್ಟು ತೂಕ ಇಳಿಸಿದವರಲ್ಲೂ ಇದು ಕಾಣುತ್ತದೆ.

ಹೆಚ್ಚಿನ ಕಲ್ಲುಗಳು ಜೀವಮಾನವಿಡೀ ಸುಮ್ಮನಿರುತ್ತವೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡ, ನೋವೇ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹೆದರಿಸಿ ಕೊಯ್ಯಿಸುವುದು ತಪ್ಪು.

ನೋವು ಶುರುವಾದರೆ ಲೆಕ್ಕ ಬೇರೆ. ಹೋಳಿಗೆ-ತುಪ್ಪವೋ, ಮಟನ್ ಊಟವೋ ಮುಗಿದು ತಾಸೆರಡು ತಾಸಿಗೆ, ಹಲವು ಸಲ ನಡುರಾತ್ರಿ, ಎದೆಗುಳಿಯಲ್ಲಿ ಅಥವಾ ಬಲ ಪಕ್ಕೆಯ ಕೆಳಗೆ ನೋವು ಹಿಡಿಯುತ್ತದೆ, ಬೆನ್ನಿಗೆ, ಬಲ ಹೆಗಲಿಗೆ ಹಬ್ಬುತ್ತದೆ, ವಾಂತಿಯಾಗುತ್ತದೆ, ತಾಸುಗಟ್ಟಲೆ ಕಾಡಿ ತಾನೇ ಇಳಿಯುತ್ತದೆ. ಇಳಿಯುವುದೇ ಮೋಸ. ‘ಗ್ಯಾಸ್ ಆಗಿತ್ತು’ ಎಂದು ಸೋಡಾ ಕುಡಿದು, ಗುಳಿಗೆ ನುಂಗಿ ವರ್ಷಗಟ್ಟಲೆ ತಳ್ಳುವವರು ಎಷ್ಟೋ ಜನ. (ಎದೆಗುಳಿಯ ನೋವು ಹೃದಯದ್ದೂ ಇರಬಹುದು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಮೊದಲು ಇಸಿಜಿ ಮಾಡಿಸಲಿ.) ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಒಂದು ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲನ್ನು ಬಹುಪಾಲು ಖಚಿತವಾಗಿ ತೋರಿಸುತ್ತದೆ.

ನನಗೆ ಹೆಚ್ಚು ಕಳವಳ ಕಾಮಣಿಯದು. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಸುಣ್ಣದಂತೆ ಬಿಳಿಚುತ್ತದೆ. ಮನೆಯವರು ಕಾಮಣಿ ಔಷಧ ಕೊಡುವವರ ಊರು ಹುಡುಕಿ ಹೊರಡುತ್ತಾರೆ. ವೈರಸ್‌ನ ಕಾಮಣಿ ಎಷ್ಟೋ ಸಲ ತಾನೇ ವಾಸಿಯಾಗುವುದರಿಂದ ಆ ಔಷಧಕ್ಕೆ ಹೆಸರು ಬಂದಿದೆ. ಆದರೆ ಇಲ್ಲಿ ದಾರಿ ಕಟ್ಟಿದೆ. ಚಳಿಜ್ವರ ಕೂಡಿಕೊಂಡರೆ ನಾಳದಲ್ಲಿ ಸೋಂಕು ಎಂದೇ ಅರ್ಥ, ಅದು ಜೀವ ತೆಗೆಯಬಲ್ಲದು. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ.

ನೋವು ಕೊಡುವ ಕಲ್ಲಿಗೆ ಪಿತ್ತಕೋಶವನ್ನೇ ತೆಗೆಯುವುದು ಖಾಯಂ ಪರಿಹಾರ. ಬರ್ಲಿನ್ನಿನ ಶಸ್ತ್ರವೈದ್ಯ ಕಾರ್ಲ್ ಲಾಂಗೆನ್‌ಬುಕ್ 1882ರಲ್ಲಿ ಮೊದಲು ಇದನ್ನು ಮಾಡಿದರು. ಕಲ್ಲಷ್ಟೇ ತೆಗೆದರೆ ಚೀಲ ಮತ್ತೆ ಕಲ್ಲು ಕಟ್ಟುತ್ತದೆ. ಕರಗಿಸುವ ಗುಳಿಗೆಯಿದೆ, ಆದರೆ ಅದು ಸಣ್ಣ ಕೊಲೆಸ್ಟ್ರಾಲ್ ಕಲ್ಲಿಗಷ್ಟೇ. ತಿಂಗಳುಗಟ್ಟಲೆ ನುಂಗಿದರೂ ಕಲ್ಲು ಎಷ್ಟೋ ಜನರಲ್ಲಿ ಮರಳಿ ಬರುತ್ತದೆ. 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಪಿತ್ತಕೋಶ ತೆಗೆಯುವ ಲ್ಯಾಪರೊಸ್ಕೋಪಿ ವಿಧಾನವನ್ನು ಭಾರತಕ್ಕೆ ತಂದ ಮೇಲೆ, ಸಾಮಾನ್ಯವಾಗಿ ನಾಲ್ಕು ಸಣ್ಣ ತೂತುಗಳಲ್ಲೇ ಕೆಲಸ ಮುಗಿಯುತ್ತದೆ. ಬಹಳಷ್ಟು ಜನ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಚೀಲವಿಲ್ಲದಿದ್ದರೆ ಪಿತ್ತರಸ ನೇರ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಕೆಲದಿನ ಭೇದಿಯಾಗಬಹುದು. ಆಮೇಲೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಸಲ್ಲುತ್ತದೆ.

ನಾಳದಲ್ಲಿ ಸಿಕ್ಕ ಕಲ್ಲನ್ನು ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪಿಯಿಂದ ತೆಗೆಯುತ್ತಾರೆ. ಇದಕ್ಕೆ ಇಆರ್‌ಸಿಪಿ ಎನ್ನುತ್ತಾರೆ. ಎಲ್ಲ ಊರಲ್ಲೂ ಈ ಸೌಲಭ್ಯ ಸಿಗದು. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಕಾಗವಾಡ–ಅಥಣಿಯವರು ಮೀರಜಕ್ಕೆ, ಚಿಕ್ಕೋಡಿ–ರಾಯಬಾಗದವರು ಬೆಳಗಾವಿಗೆ ಹೋಗುವ ರೂಢಿಯಿದೆ. ಹಳದಿ ಕಣ್ಣಿಗೆ ಚಳಿಜ್ವರ ಕೂಡಿದ್ದರೆ ಗಾಡಿ ಹತ್ತುವ ಮೊದಲೇ ಹೋಗಬೇಕೆಂದಿರುವ ಆಸ್ಪತ್ರೆಗೆ ಫೋನ್ ಮಾಡಿ, ಇಆರ್‌ಸಿಪಿ ಇದೆಯೇ, ಇವತ್ತೇ ಮಾಡುತ್ತಾರೆಯೇ ಎಂದು ಕೇಳಿಕೊಳ್ಳಿ.