ವಾರಕ್ಕೆ ಎರಡು ಗಳಿಗೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯನ್ನು ಕಂಡವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಸೀತಾದೇವಿಯ ಮುತ್ತಿನ ಆಭರಣವು ಇಲ್ಲಿಯ ಕಾವೇರಿಯ ಮಡುವಿನಲ್ಲಿ ಬಿದ್ದುಹೋಗಲು, ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ತೆಗೆದುಕೊಟ್ಟನೆಂದು ಸ್ಥಳಪುರಾಣ ಹೇಳುತ್ತದೆ. ಇಲ್ಲಿಗೆ ಬರುವವರು ಬಹುಮಟ್ಟಿಗೆ ಮುತ್ತತ್ತಿರಾಯನ ಭಕ್ತರೇ. ಆದರೆ ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದುದು. ಹೊಳೆಯ ದಡದ ಹೊಳೆಮತ್ತಿ ಮರಗಳಲ್ಲಿ ನರೆಗೂದಲಿನ ದೊಡ್ಡ ಅಳಿಲೊಂದು ಗೂಡು ಕಟ್ಟಿಕೊಂಡು ಬಾಳುತ್ತದೆ. ಪ್ರಾಣಿಶಾಸ್ತ್ರಜ್ಞರು ಅದನ್ನು ರಟೂಫ ಮ್ಯಾಕ್ರೂರ ಎನ್ನುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳ ಹೊರಗೆ ಅದು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ.

ಈ ಅಳಿಲನ್ನು ಕುರಿತು ಅಭ್ಯಾಸ ಮಾಡಲು ಬೆಂಗಳೂರಿನ ಯಾವುದೋ ಸಂಶೋಧನ ಸಂಸ್ಥೆಯಿಂದ ಒಬ್ಬ ವಿದ್ಯಾರ್ಥಿನಿ ಇಲ್ಲಿಗೆ ಬಂದಳೆಂದು ಭಾವಿಸೋಣ. ಹೊಳೆಯ ದಡದಲ್ಲಿ ನಡೆದು ಗೂಡುಗಳನ್ನು ಎಣಿಸುವುದು ಅವಳ ಕೆಲಸ. ಮೊದಲ ತಿಂಗಳಲ್ಲಿ 40 ಗೂಡುಗಳು ಕಂಡವು. ಬೇಸಿಗೆಯ ಹೊತ್ತಿಗೆ 60 ಆದುವು. ಅಳಿಲುಗಳ ಸಂಖ್ಯೆ ಏರುತ್ತಿದೆಯೆಂದು ಅವಳು ಹಿಗ್ಗಿದಳು. ಆದರೆ ಈ ಲೆಕ್ಕದಲ್ಲಿ ಎರಡು ತೊಡಕುಗಳಿವೆ. ಈ ಜಾತಿಯ ಒಂದೇ ಅಳಿಲು ಹಲವು ಗೂಡುಗಳನ್ನು ಕಟ್ಟಿಕೊಳ್ಳುವುದುಂಟು. ಆದುದರಿಂದ ಗೂಡಿನ ಎಣಿಕೆ ಅಳಿಲಿನ ಎಣಿಕೆಯಲ್ಲ. ಅಲ್ಲದೆ, ಎಲೆ ತೆಳುವಾದಾಗ ಮೊದಲೇ ಇದ್ದ ಗೂಡುಗಳು ಕಣ್ಣಿಗೆ ಬೀಳತೊಡಗುತ್ತವೆ. ಅನುಭವವುಳ್ಳ ಮಾರ್ಗದರ್ಶಕರು ಎದುರಿಗೆ ಕುಳಿತು, “ಒಂದು ಅಳಿಲಿಗೆ ಎಷ್ಟು ಗೂಡಮ್ಮ?” ಎಂದು ಕೇಳಿದ್ದರೆ ಸಾಕಾಗಿತ್ತು. ಆದರೆ ಅವರು ಇರುವುದು ಸುಮಾರು ನೂರು ಕಿಲೋಮೀಟರು ದೂರದಲ್ಲಿ. ಆ ಪ್ರಶ್ನೆ ಅವಳನ್ನು ಮುಟ್ಟುವುದು ಎರಡನೆಯ ವಾರದಲ್ಲೋ, ಆರನೆಯ ತಿಂಗಳಲ್ಲೋ?

ಸಂಶೋಧನ ತಂಡಗಳಲ್ಲಿ ಮಾರ್ಗದರ್ಶಕರೂ ವಿದ್ಯಾರ್ಥಿಯೂ ವಾರಕ್ಕೊಮ್ಮೆ, ಗೊತ್ತಾದ ದಿನ, ಇಬ್ಬರೇ ಕುಳಿತು ಮಾತನಾಡುವ ಪದ್ಧತಿಯೇ ಈ ಲೇಖನದ ವಿಷಯ. ಇದು ಶಿಷ್ಟಾಚಾರದ ಮಾತೆಂದು ತೋರಬಹುದು. ವಾಸ್ತವವಾಗಿ ಇದೊಂದು ಅಳತೆಯ ಸಮಸ್ಯೆ.

ತಪ್ಪೊಂದು ಎರಡು ಭೇಟಿಗಳ ನಡುವೆ ಯಾವ ದಿನ ಬೇಕಾದರೂ ಹುಟ್ಟಬಹುದು. ಅದು ಭೇಟಿಯಲ್ಲಿ ಮಾತ್ರ ಬಯಲಾಗುವುದಾದರೆ, ಸರಾಸರಿ ಆ ಅವಧಿಯ ಅರ್ಧದಷ್ಟು ಕಾಲ ಅಡಗಿಯೇ ಇರುತ್ತದೆ. ಭೇಟಿ ವಾರಕ್ಕೊಮ್ಮೆ ನಡೆದರೆ ವಿಳಂಬ ಮೂರೂವರೆ ದಿನ. ಆರು ತಿಂಗಳಿಗೊಮ್ಮೆ ನಡೆದರೆ ಮೂರು ತಿಂಗಳು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಗಳು, ಪಿಎಚ್.ಡಿ. ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿನಲ್ಲಿಯೂ ಸಲಹಾ ಸಮಿತಿಯ ಮುಂದೆ ತನ್ನ ಪ್ರಗತಿಯನ್ನು ನಿರೂಪಿಸಬೇಕೆಂದು ವಿಧಿಸಿವೆ. ಅದು ಇರಬೇಕಾದುದೇ. ಆದರೆ ಬೇಸಿಗೆಯ ಎಣಿಕೆ ತಪ್ಪಿದುದು ಮಳೆಗಾಲದಲ್ಲಿ ತಿಳಿದರೆ ಮುಂದಿನ ಬೇಸಿಗೆಯವರೆಗೆ ಕಾಯದೆ ಗತಿಯಿಲ್ಲ.

ಈ ಪದ್ಧತಿ ಹೊಸದೇನೂ ಅಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಲೀಬಿಗ್ 1824ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಗೀಸನ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕನಾಗಿ ಬಂದನು. ಅವನು ಅಲ್ಲಿ ನಡೆಸಿದ ಪ್ರಯೋಗಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಬೆಳಗಾಗುತ್ತಲೆ ಹಿಂದಿನ ದಿನ ತಾನು ಮಾಡಿದುದನ್ನು ಹೇಳಬೇಕಾಗಿತ್ತು. ಅಷ್ಟೇ ಅಲ್ಲ, ಅದರ ವಿಷಯದಲ್ಲಿ ತನ್ನ ಅಭಿಪ್ರಾಯವನ್ನೂ ತಿಳಿಸಬೇಕಾಗಿತ್ತು. ಲೀಬಿಗ್ ಒಪ್ಪಿಗೆಯನ್ನೋ ಆಕ್ಷೇಪವನ್ನೋ ಸೂಚಿಸುತ್ತಿದ್ದನು. ದಾರಿಯನ್ನು ಹುಡುಕುವ ಹೊಣೆ ಮಾತ್ರ ವಿದ್ಯಾರ್ಥಿಯದು. ಆಧುನಿಕ ಸಂಶೋಧನ ತಂಡಗಳ ವಂಶವೃಕ್ಷದಲ್ಲಿ ಗೀಸನ್ ಪ್ರಯೋಗಶಾಲೆ ಬೇರಿನ ಸ್ಥಾನದಲ್ಲಿದೆ.

ಭೇಟಿಯು ಆಗಾಗ ನಡೆದರೆ ಸಾಲದು. ಅದು ಧೈರ್ಯ ಕೊಡುವಂತಿರಬೇಕೆಂದು ಏಕೆ ಹೇಳುತ್ತಾರೆ? ಇದಕ್ಕೆ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಒಂದು ದೃಷ್ಟಾಂತವಿದೆ. ತಲಾ 10,000 ಓಮ್ ರೋಧದ ಎರಡು ತಂತಿಸುರುಳಿಗಳನ್ನು ಸಾಲಾಗಿ ಜೋಡಿಸಿ 10 ವೋಲ್ಟಿನ ಬ್ಯಾಟರಿಗೆ ಸೇರಿಸಿರಿ. ಒಂದೊಂದರ ತುದಿಗಳ ನಡುವೆ 5 ವೋಲ್ಟ್ ಇರುತ್ತದೆ. ಈಗ ಒಂದರ ತುದಿಗಳಿಗೆ 10,000 ಓಮ್ ರೋಧವೇ ಉಳ್ಳ ವೋಲ್ಟ್‌ಮೀಟರನ್ನು ಹಚ್ಚಿದರೆ ಮುಳ್ಳು ತೋರಿಸುವುದು 3.33 ಮಾತ್ರ. ಮೀಟರೇ ವಿದ್ಯುತ್ತಿನ ಒಂದು ಪಾಲನ್ನು ಎಳೆದುಕೊಂಡು, ತಾನು ಅಳೆಯಬೇಕಾದುದನ್ನು ಕುಗ್ಗಿಸಿಬಿಟ್ಟಿತು. ಮೀಟರಿನ ರೋಧ 10 ಲಕ್ಷ ಓಮ್ ಆಗಿದ್ದರೆ ಅದು 4.98ರಷ್ಟು ತೋರಿಸುತ್ತದೆ.

ಗದರುವ ಮಾರ್ಗದರ್ಶಕರು ಮೊದಲನೆಯ ಬಗೆಯ ಮೀಟರಿನಂತೆ. ಅವರ ಮುಂದೆ ಕುಳಿತ ಹುಡುಗನು ಆ ವಾರ ಕೆಟ್ಟುಹೋದ ಮೂರು ಪ್ರಯೋಗಗಳನ್ನು ನುಂಗಿಕೊಂಡು, ಸರಿಹೋದ ಒಂದನ್ನು ಮಾತ್ರ ಹೇಳುತ್ತಾನೆ. ಮಾರ್ಗದರ್ಶಕರಿಗೆ ಸಿಕ್ಕಿದುದು 3.33, ಅವರು ಅದನ್ನೇ 5 ಎಂದು ನಂಬುತ್ತಾರೆ. ವಾರವಾರವೂ ಭೇಟಿ ನಡೆದರೂ, ಹೇಳದೆ ಉಳಿದ ತಪ್ಪು ಆರು ತಿಂಗಳು ಬದುಕಬಲ್ಲದು. ಆದುದರಿಂದ ಸಹಾನುಭೂತಿಯು ಇಲ್ಲಿ ಬರಿಯ ಸೌಜನ್ಯವಲ್ಲ, ನಿಜವಾದ ಅಳತೆ ಸಿಗಲು ಬೇಕಾದ ಉಪಕರಣ. ಹಾಗೆಂದು ಎಲ್ಲವನ್ನೂ ಹೊಗಳಬೇಕೆಂದಲ್ಲ. ಸುಳ್ಳು ಹೊಗಳಿಕೆಯೂ ಕೆಟ್ಟ ಮೀಟರೇ. ಅದರ ಮುಳ್ಳು ಬೇರೆ ಕಡೆಗೆ ವಾಲಿರುತ್ತದೆ, ಅಷ್ಟೆ.

ನಮ್ಮ ನಾಡಿನ ಸಂಶೋಧನೆಯ ಇತಿಹಾಸದಲ್ಲಿ ಇದರ ಎರಡು ಮುಖಗಳೂ ಕಾಣುತ್ತವೆ. 1928ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರೂ ಕೆ. ಎಸ್. ಕೃಷ್ಣನ್ನರೂ ಬೆಳಕಿನ ಚೆದರಿಕೆಯನ್ನು ಅಭ್ಯಸಿಸುತ್ತಿದ್ದಾಗ, ರಾಮನ್ನರು ರಾತ್ರಿ ಒಂಬತ್ತರ ಸುಮಾರಿಗೆ ಕೃಷ್ಣನ್ನರ ಮನೆಯ ಬಾಗಿಲಿಗೇ ಬಂದು, ಬೆಳಗ್ಗೆ ಕಂಡುದರ ಅರ್ಥವನ್ನು ಉತ್ಸಾಹದಿಂದ ಚರ್ಚಿಸಿದರೆಂದು ಕೃಷ್ಣನ್ನರ ದಿನಚರಿಯಿಂದ ತಿಳಿಯುತ್ತದೆ. ಅಂತಹ ಗುರುವಿಗೆ ಭೇಟಿಯ ವೇಳಾಪಟ್ಟಿಯೇ ಬೇಕಾಗಿರಲಿಲ್ಲ. 1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1940ರಲ್ಲಿ ಅನ್ನಾ ಮಣಿಯವರು ಅವರ ಪ್ರಯೋಗಶಾಲೆಯನ್ನು ಸೇರಿ ವಜ್ರಗಳ ಪ್ರತಿದೀಪ್ತಿಯನ್ನು ಕುರಿತು ದುಡಿದರು. ಒಂದೊಂದು ವರ್ಣಪಟಲದ ಚಿತ್ರಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಫಲಕವನ್ನು ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ರಾತ್ರಿಗಳು ಅಲ್ಲಿಯೇ ಕಳೆದುವು. ಆ ಪ್ರಯೋಗಶಾಲೆಯಲ್ಲಿ ಸ್ತ್ರೀಪುರುಷರು ಬೆರೆತು ಮಾತನಾಡುವುದಕ್ಕೆ ಕಟ್ಟುಪಾಡಿದ್ದಿತೆಂದೂ, ಜೊತೆಗಾರರ ನಡುವೆ ನಡೆಯುತ್ತಿದ್ದ ಬಿಸಿಬಿಸಿ ಚರ್ಚೆಗಳಿಂದ ವಿದ್ಯಾರ್ಥಿನಿಯರು ಹೊರಗುಳಿದರೆಂದೂ ಇತಿಹಾಸಕಾರ್ತಿ ಅಭಾ ಸೂರ್ ಬರೆದಿದ್ದಾರೆ. 1945ರಲ್ಲಿ ಅನ್ನಾ ಮಣಿಯವರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಪಿಎಚ್.ಡಿ. ದೊರೆಯಲಿಲ್ಲ. ಮುಂದೆ ಅವರು ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು ಅವರ ಸ್ವಂತ ಬಲದಿಂದ.

ರಾಮನ್ನರ ಪ್ರತಿಭೆಯನ್ನು ಕುಂದಿಸಲು ಇದನ್ನು ಹೇಳುತ್ತಿಲ್ಲ. ಮನಬಂದಾಗ ಉಕ್ಕುವ ಉತ್ಸಾಹವು ಎಲ್ಲ ಶಿಷ್ಯರಿಗೂ ಸಮನಾಗಿ ಹರಿಯುವುದಿಲ್ಲವೆಂಬುದನ್ನು ಗಮನಿಸಬೇಕು. ಮಾತುಗಾರನು ಚಹಾದ ಅಂಗಡಿಯಲ್ಲಿಯೇ ಗುರುಗಳನ್ನು ಹಿಡಿದು ತನ್ನ ಸಂಶಯವನ್ನು ಬಗೆಹರಿಸಿಕೊಳ್ಳುತ್ತಾನೆ. ಹಳ್ಳಿಯಿಂದ ಬಂದವನು, ಇಂಗ್ಲಿಷಿನಲ್ಲಿ ತಡವರಿಸುವವನು, ಗಂಡಸರ ಗುಂಪಿನಲ್ಲಿ ಒಬ್ಬಳೇ ಆದವಳು ಹಿಂದೆ ನಿಲ್ಲುತ್ತಾರೆ. ವಾರದ ಗೊತ್ತಾದ ಭೇಟಿ ಕೇಳದೆಯೆ ಅವರ ಪಾಲನ್ನು ಅವರಿಗೆ ಮುಟ್ಟಿಸುತ್ತದೆ. ತಂಡದ ಗೋಷ್ಠಿ ಇದಕ್ಕೆ ಬದಲಿಯಾಗದು. ಹತ್ತು ಜನರ ಮುಂದೆ “ನನಗೆ ಇದು ಅರ್ಥವಾಗಲಿಲ್ಲ” ಎನ್ನುವುದು ಪ್ರಾಧ್ಯಾಪಕರಿಗೇ ಕಷ್ಟ.

ಇದರ ಹಿಂದೆ ಇನ್ನೂ ಗಂಭೀರವಾದ ಸಂಗತಿಯೊಂದಿದೆ. ‘ನೇಚರ್’ ಪತ್ರಿಕೆ 2019ರಲ್ಲಿ ನಾನಾ ದೇಶಗಳ ಆರು ಸಾವಿರಕ್ಕೂ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳನ್ನು ವಿಚಾರಿಸಿತು. ಅಭ್ಯಾಸದ ನಿಮಿತ್ತ ಉಂಟಾದ ಆತಂಕ ಅಥವಾ ಖಿನ್ನತೆಗೆ ತಾವು ನೆರವನ್ನು ಕೋರಿದ್ದೆವೆಂದು ಶೇಕಡ 36 ಮಂದಿ ಹೇಳಿದರು. ಮಾರ್ಗದರ್ಶಕರೊಡನೆ ಒಬ್ಬರಿಗೊಬ್ಬರು ಕಳೆಯುವ ಕಾಲ ವಾರಕ್ಕೆ ಒಂದು ಗಂಟೆಗೂ ಕಡಮೆಯೆಂದವರು ಸುಮಾರು ಅರ್ಧದಷ್ಟು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧವನ್ನು ಈ ಅಂಕಿಗಳಷ್ಟರಿಂದಲೇ ಸಾಧಿಸಲಾಗದು. ಆದರೂ ವಾರವಾರವೂ ಮುಖವನ್ನು ನೋಡುವವರಿಗೆ ಕಾಣುವ ಬಳಲಿಕೆ, ವರದಿಯ ಹಾಳೆಯನ್ನು ಮಾತ್ರ ನೋಡುವವರಿಗೆ ಕಾಣದು.

ಇನ್ನು ಭೇಟಿಯನ್ನು ನಡೆಸುವ ಬಗೆ. ಮೊದಲು ಮಾತನಾಡಬೇಕಾದವನು ವಿದ್ಯಾರ್ಥಿ. ಏನನ್ನು ಚರ್ಚಿಸಬೇಕೆಂದು ಹಿಂದಿನ ದಿನವೇ ಮೂರು ನಾಲ್ಕು ಸಾಲು ಬರೆದುಕೊಂಡು ಬರಬೇಕಾದವನೂ ಅವನೇ. ಮಾರ್ಗದರ್ಶಕರು ಆರಂಭದಲ್ಲಿ ಫಲಿತಾಂಶವನ್ನು ಕೇಳದೆ, ಈ ವಾರ ಎಲ್ಲಿ ಸಿಕ್ಕಿಕೊಂಡೆ ಎಂದು ಕೇಳುವುದು ಮೇಲು. ಸಿಕ್ಕಿಕೊಳ್ಳುವುದು ಸಹಜವೆಂಬ ಸೂಚನೆ ಆ ಪ್ರಶ್ನೆಯಲ್ಲಿಯೇ ಅಡಗಿದೆ. ಉತ್ತರ ಕೂಡಲೆ ಬಾರದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರುವುದನ್ನೂ ಕಲಿಯಬೇಕು. ನಮ್ಮ ಅಧ್ಯಾಪಕ ವರ್ಗಕ್ಕೆ ಇದಕ್ಕಿಂತ ಕಠಿನವಾದ ವಿದ್ಯೆಯಿಲ್ಲ! ಕೆಲಸದ ಮಾತು ಮುಗಿದ ಮೇಲೆ ವಿದ್ಯಾರ್ಥಿವೇತನ ಬಂದಿತೆ, ಊರಿನಲ್ಲಿ ಎಲ್ಲರೂ ಕ್ಷೇಮವೆ, ಮುಂದೆ ಏನಾಗಬೇಕೆಂದಿರುವೆ ಎಂಬ ವಿಚಾರಕ್ಕೂ ಎಡೆಯಿರಬೇಕು. ಆದರೆ ಹೇಳಲೇಬೇಕೆಂಬ ಒತ್ತಾಯ ಸಲ್ಲದು. ಕಡೆಯಲ್ಲಿ ಒಪ್ಪಿಕೊಂಡುದನ್ನು ಒಂದು ಪುಸ್ತಕದಲ್ಲಿ ಇಬ್ಬರೂ ಗುರುತುಹಾಕಿಕೊಂಡರೆ, ಮುಂದಿನ ವಾರ “ನಾನು ಹಾಗೆ ಹೇಳಲೇ ಇಲ್ಲ” ಎಂಬ ವಾದ ಹುಟ್ಟುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಭೇಟಿ ತಪ್ಪಬಾರದು. ಪ್ರಯಾಣವಿದ್ದರೆ ದಿನವನ್ನು ಬದಲಿಸಬಹುದು, ಅಳಿಸಿಬಿಡಬಾರದು. ಈ ವಾರ ಹೇಳುವುದಕ್ಕೆ ಏನೂ ಇಲ್ಲವೆಂದು ವಿದ್ಯಾರ್ಥಿ ತಪ್ಪಿಸಿಕೊಂಡರೆ, ಸಾಮಾನ್ಯವಾಗಿ ಆ ವಾರವೇ ಹೇಳಬೇಕಾದುದು ಹೆಚ್ಚಾಗಿರುತ್ತದೆ.

ಇಷ್ಟೆಲ್ಲ ಮಾಡಿದರೆ ವಿದ್ಯಾರ್ಥಿ ಪರಾವಲಂಬಿಯಾಗುವನೆಂದು ಕೆಲವರ ಆಕ್ಷೇಪ. ಮಾರ್ಗದರ್ಶಕರು ವಾರದ ಕೆಲಸವನ್ನು ತಾವೇ ಹಂಚಿಕೊಡುವುದಾದರೆ ಆಕ್ಷೇಪ ನಿಜವೇ. ಲೀಬಿಗ್ ಮಾಡಿದಂತೆ ವಿದ್ಯಾರ್ಥಿಯ ಅಭಿಪ್ರಾಯವನ್ನು ಮೊದಲು ಕೇಳಿದರೆ ಆ ಭಯವಿಲ್ಲ. ಕಾಲ ಎಲ್ಲಿದೆಯೆಂಬುದು ಇನ್ನೊಂದು ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ನಮ್ಮ ಹಿರಿಯರ ಒಂದು ಗಳಿಗೆಯೆಂದರೆ 24 ನಿಮಿಷ. ಒಬ್ಬೊಬ್ಬರಿಗೆ ಎರಡು ಗಳಿಗೆಯೆಂದರೆ 48 ನಿಮಿಷ. 2022ರ ನಿಯಮಗಳಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ ಹೆಚ್ಚೆಂದರೆ ಎಂಟು ಪಿಎಚ್.ಡಿ. ವಿದ್ಯಾರ್ಥಿಗಳಿಗೂ, ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೂ ಮಾರ್ಗದರ್ಶನ ಮಾಡಬಹುದು. ಮೊದಲನೆಯವರಿಗೆ ವಾರಕ್ಕೆ 6 ಗಂಟೆ 24 ನಿಮಿಷ, ಎರಡನೆಯವರಿಗೆ 3 ಗಂಟೆ 12 ನಿಮಿಷ ಬೇಕಾಗುತ್ತದೆ. ಇದು ಸಣ್ಣ ಹೊರೆಯಲ್ಲ. ಈ ಹೊರೆಯನ್ನು ಹೊರಲಾಗದವರು ಎಂಟು ಜನರ ಬದಲು ಐವರನ್ನು ತೆಗೆದುಕೊಳ್ಳಬಹುದಲ್ಲವೆ?

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಯಾವುದಾದರೂ ಸಂಶೋಧನ ತಂಡವನ್ನು ಸೇರುವರು. ಆಗ ಮಾರ್ಗದರ್ಶಕರ ಪ್ರಕಟಣೆಗಳ ಪಟ್ಟಿಯನ್ನು ನೋಡುವುದರ ಜೊತೆಗೆ, ಅಲ್ಲಿ ಈಗಾಗಲೆ ಇರುವ ವಿದ್ಯಾರ್ಥಿಗಳನ್ನು ಕಂಡು, ಕಳೆದ ತಿಂಗಳು ನೀವು ಅವರೊಡನೆ ಒಬ್ಬರೇ ಎಷ್ಟು ಸಲ ಕುಳಿತಿರಿ, ಕೆಟ್ಟ ಸುದ್ದಿಯನ್ನು ಹೇಳಿದಾಗ ಏನಾಯಿತು ಎಂದು ವಿಚಾರಿಸಿರಿ. ಮುತ್ತತ್ತಿಯಂತಹ ಕಾಡಿನಲ್ಲಿ ದುಡಿಯಬೇಕಾಗಿದ್ದರೆ, ವಾರಕ್ಕೊಂದು ದಿನ ದೂರವಾಣಿ ಸರಿಯಾಗಿ ಸಿಕ್ಕುವ ಊರಿಗೆ ಬಂದು ಹೋಗಲು ಬಸ್ಸಿನ ವೆಚ್ಚವನ್ನು ಯಾರು ಕೊಡುವರೆಂಬುದನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿರಿ.