ಚೆಂಡನ್ನು ಒದ್ದೋಡಿಸದ ಡಿಫೆಂಡರ್

ಅಲನ್ ಹ್ಯಾನ್ಸೆನ್ ಎಂದರೆ ಇಂದಿನ ಫುಟ್‌ಬಾಲ್ ಪ್ರಿಯರಿಗೆ ಮೊದಲು ನೆನಪಾಗುವುದು ಬಿಬಿಸಿಯ ‘ಮ್ಯಾಚ್ ಆಫ್ ದ ಡೇ’ ಟಿವಿ ಕಾರ್ಯಕ್ರಮ. ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದು 1995ರಲ್ಲಿ ಅವರು ಆಡಿದ ಮಾತು, ಮ್ಯಾಂಚೆಸ್ಟರ್ ಯುನೈಟೆಡ್‌ನ ಎಳೆಯರ ತಂಡ ಅದೇ ಋತುವಿನಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದದ್ದರಿಂದ, ಇನ್ನೂ ಅವರ ಬೆನ್ನು ಬಿಟ್ಟಿಲ್ಲ. ಆ ಮಾತಿನ ಮರೆಯಲ್ಲಿ ಅವರ ಆಟವೇ ಮಸುಕಾಗಿರುವುದು ಅನ್ಯಾಯ. ಗೋಲು ಉಳಿಸುವ ಕೆಲಸಕ್ಕೆ ಟ್ಯಾಕಲ್‌ನಷ್ಟೇ ಚೆಂಡಿನ ಮೇಲಿನ ಹಿಡಿತವೂ ಬೇಕು ಎಂಬುದಕ್ಕೆ ಬ್ರಿಟನ್‌ನಲ್ಲಿ ಅವರಷ್ಟು ಗಟ್ಟಿ ಸಾಕ್ಷಿ ಕಡಿಮೆ.

ಸ್ಕಾಟ್ಲೆಂಡಿನ ಸಾಚಿ ಎಂಬ ಊರಿನಲ್ಲಿ 1955ರಲ್ಲಿ ಹುಟ್ಟಿದ ಹ್ಯಾನ್ಸೆನ್, ಗ್ಲಾಸ್ಗೋದ ಪಾರ್ಟಿಕ್ ಥಿಸಲ್ ಕ್ಲಬ್ಬಿನಲ್ಲಿ ಪಳಗಿದರು. 1977ರಲ್ಲಿ ಲಿವರ್‌ಪೂಲ್ 1 ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆದುಕೊಂಡಿತು. ಆ ಕಾಲದ ಸೆಂಟರ್ ಬ್ಯಾಕ್‌ನಿಂದ ಜನ ನಿರೀಕ್ಷಿಸುತ್ತಿದ್ದದ್ದು ತಲೆ ಕೊಟ್ಟು ಚೆಂಡು ತಡೆಯುವುದು, ಎದುರಾಳಿಯ ಕಾಲಿಗೆ ಅಡ್ಡ ಬೀಳುವುದು, ಸಿಕ್ಕಿದ ಚೆಂಡನ್ನು ಆದಷ್ಟು ದೂರ ಒದೆಯುವುದು. ಎತ್ತರದ, ನೀಳ ಕಾಲಿನ ಹ್ಯಾನ್ಸೆನ್ ಚೆಂಡು ಎಲ್ಲಿ ಬೀಳಬಹುದೆಂದು ಮೊದಲೇ ಊಹಿಸಿ ಅಲ್ಲಿ ನಿಂತಿರುತ್ತಿದ್ದರು. ಸಿಕ್ಕ ಚೆಂಡನ್ನು ಕಾಲಿಗಂಟಿಸಿಕೊಂಡು, ತಲೆಯೆತ್ತಿ ಮೈದಾನ ನೋಡುತ್ತ ಮಧ್ಯರೇಖೆಯವರೆಗೂ ನಡೆದುಬಿಡುತ್ತಿದ್ದರು. ಅದು ಬರೀ ಸೊಗಸಿನ ಆಟವಾಗಿರಲಿಲ್ಲ. ದೂರ ಒದ್ದ ಚೆಂಡು ಅರ್ಧ ಸಲ ಎದುರಾಳಿಗೇ ಸಿಕ್ಕಿ ಮತ್ತೆ ದಾಳಿಯಾಗಿ ಮರಳುತ್ತದೆ. ತನ್ನವರ ಕಾಲಲ್ಲೇ ಉಳಿದ ಚೆಂಡಿನಿಂದ ಗೋಲಿಗೆ ಅಪಾಯವಿಲ್ಲ. 1978–79ರ ಲೀಗ್‌ನ 42 ಪಂದ್ಯಗಳಲ್ಲಿ ಲಿವರ್‌ಪೂಲ್ ಬಿಟ್ಟುಕೊಟ್ಟದ್ದು 16 ಗೋಲು ಮಾತ್ರ.

ಆಗ ಗೋಲ್‌ಕೀಪರ್‌ಗೆ ಚೆಂಡನ್ನು ಹಿಂದಕ್ಕೆ ಪಾಸ್ ಮಾಡಿದರೆ ಅವನು ಕೈಯಲ್ಲೇ ಹಿಡಿಯಬಹುದಿತ್ತು, ಹಾಗಾಗಿ ನಿರಾಳವಾಗಿರುವುದು ಸುಲಭವಿತ್ತು ಎನ್ನುವವರಿದ್ದಾರೆ. ನಿಯಮ ಬದಲಾದದ್ದು 1992ರಲ್ಲಿ ಎಂಬುದು ನಿಜ. ಆದರೆ ಆ ಪಾಸ್ ಕೂಡ ಬಿಟ್ಟಿ ರಕ್ಷಣೆಯಾಗಿರಲಿಲ್ಲ. 1978ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಕ್ಲಬ್ ಬ್ರೂಗ್ ವಿರುದ್ಧ ಹ್ಯಾನ್ಸೆನ್ ಹಿಂದಕ್ಕೆ ತಳ್ಳಿದ ಚೆಂಡಿಗೆ ಜೋರು ಸಾಲಲಿಲ್ಲ. ಎದುರಾಳಿ ನುಗ್ಗಿಬಂದಾಗ ಜೊತೆಗಾರ ಫಿಲ್ ಥಾಂಪ್ಸನ್ ಗೋಲು ಗೆರೆಯ ಬಳಿ ಅದನ್ನು ತಡೆದರು. ಲಿವರ್‌ಪೂಲ್ 1–0ಯಿಂದ ಗೆದ್ದಿತು. ಅಂಥ ಗಂಡಾಂತರದ ನಂತರವೂ ತಮ್ಮ ರೀತಿ ಬಿಡದೆ ಅವರು 620 ಪಂದ್ಯ ಆಡಿದರು. ಎಂಟು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಬಂದವು. ಇದೆಲ್ಲ ತಂಡದ ಬಲ ಎನ್ನಬಹುದು. ಆದರೆ ಥಾಂಪ್ಸನ್ ಹೋಗಿ ಮಾರ್ಕ್ ಲಾರೆನ್ಸನ್ ಬಂದರು, ಮ್ಯಾನೇಜರ್‌ಗಳೂ ಬದಲಾದರು. ಅಷ್ಟೂ ಕಾಲ ನಡುವೆ ನಿಂತಿದ್ದವರು ಹ್ಯಾನ್ಸೆನ್.

ಇಂಥವರು ಸ್ಕಾಟ್ಲೆಂಡ್ ಪರ ಆಡಿದ್ದು 26 ಪಂದ್ಯ ಮಾತ್ರ. ಅವರ ಕಾಲದ ಡಿಫೆಂಡರ್‌ಗಳೇ ಆದ ವಿಲ್ಲಿ ಮಿಲ್ಲರ್ 65, ಅಲೆಕ್ಸ್ ಮೆಕ್‌ಲೀಶ್ 77 ಆಡಿದರು. ಇದಕ್ಕೆ ಅನೇಕರು ಬೊಟ್ಟು ಮಾಡುವುದು 1982ರ ವಿಶ್ವಕಪ್‌ನತ್ತ. ಮಲಾಗಾದಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ 84ನೇ ನಿಮಿಷದಲ್ಲಿ ಒಂದೇ ಚೆಂಡಿಗೆ ಓಡಿದ ಮಿಲ್ಲರ್ ಮತ್ತು ಹ್ಯಾನ್ಸೆನ್ ಡಿಕ್ಕಿಯಾದರು. ಸೋವಿಯತ್ ಆಟಗಾರ ಶೆಂಗೆಲಿಯಾ ಚೆಂಡಿನೊಡನೆ ಓಡಿ ಗೋಲು ಹೊಡೆದರು. ಸ್ಕಾಟ್ಲೆಂಡಿನ ಸೂನೆಸ್ ಸಮ ಮಾಡಿದರೂ ತಂಡ ಗೋಲು ವ್ಯತ್ಯಾಸದಲ್ಲಿ ಹೊರಬಿತ್ತು. ಆದರೆ ಲೆಕ್ಕ ನೋಡಬೇಕು. ಡಿಕ್ಕಿಯಾದಾಗ ಪಂದ್ಯ 1–1ರಲ್ಲಿತ್ತು, ಹಾಗೇ ಮುಗಿದಿದ್ದರೂ ಸ್ಕಾಟ್ಲೆಂಡ್ ಮನೆಗೇ ಹೋಗುತ್ತಿತ್ತು. ಬ್ರೆಜಿಲ್ ಎದುರು 1–4ರಿಂದ ಸೋತಿದ್ದರಿಂದ ಆ ಪಂದ್ಯದಲ್ಲಿ ಅದಕ್ಕೆ ಗೆಲುವಲ್ಲದೆ ದಾರಿಯಿರಲಿಲ್ಲ.

1986ರಲ್ಲಿ ಹ್ಯಾನ್ಸೆನ್ ಲಿವರ್‌ಪೂಲ್ ನಾಯಕರಾಗಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದರು. ಆದರೂ ಮೆಕ್ಸಿಕೊ ವಿಶ್ವಕಪ್ ತಂಡದಿಂದ ಅವರನ್ನು ಸ್ಕಾಟ್ಲೆಂಡಿನ ಅಂದಿನ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಕೈಬಿಟ್ಟರು. ಮಿಲ್ಲರ್–ಮೆಕ್‌ಲೀಶ್ ಜೋಡಿ ಫರ್ಗುಸನ್ ಕೈಯಲ್ಲೇ ಅಬರ್ಡೀನ್‌ನಲ್ಲಿ ಬೆಳೆದು, 1983ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನೇ ಸೋಲಿಸಿತ್ತು. ಅವರನ್ನು ನೆಚ್ಚಿದ್ದು ತಪ್ಪೆನ್ನಲಾಗದು. ಹ್ಯಾನ್ಸೆನ್‌ಗೆ ಮೀಸಲು ಜಾಗವೂ ಸಿಗದಿದ್ದದ್ದು ಮಾತ್ರ ಒಪ್ಪುವ ಮಾತಲ್ಲ. ಮೆಕ್ಸಿಕೊದಲ್ಲಿ ಸ್ಕಾಟ್ಲೆಂಡ್ ಮೂರು ಪಂದ್ಯಗಳಲ್ಲಿ ಹೊಡೆದದ್ದು ಒಂದೇ ಗೋಲು. ಹಿಂದಿನಿಂದಲೇ ಆಟ ಕಟ್ಟಿ ಮುಂದಕ್ಕೆ ಒಯ್ಯಬಲ್ಲವರ ಕೊರತೆ ಅಲ್ಲಿ ಕಾಣುತ್ತದೆ. ನಾಲ್ಕು ವರ್ಷಗಳ ಬಳಿಕ, 1990ರಲ್ಲಿ, ಹ್ಯಾನ್ಸೆನ್ ಲಿವರ್‌ಪೂಲ್ ನಾಯಕರಾಗಿ ಮತ್ತೊಮ್ಮೆ ಲೀಗ್ ಗೆದ್ದರು. ಮರುವರ್ಷ ನಿವೃತ್ತರಾದರು. ಆ ಕ್ಲಬ್ಬಿಗೆ ಮುಂದಿನ ಲೀಗ್ ಪ್ರಶಸ್ತಿ ಬಂದದ್ದು 2020ರಲ್ಲಿ.